ಸ್ಪೀಕರ್ ಪೆಟ್ಟಿಗೆಗೆ ಯಾವ ಮರ?

ಮನೆಯಲ್ಲಿ ಕುಳಿತು ಸಂಗೀತವನ್ನೂ ಪ್ರವಚನವನ್ನೂ ಕೇಳುವ ಸಾಧನಗಳು ಒಂದು ತಲೆಮಾರಿನ ಕಣ್ಣೆದುರಿನಲ್ಲಿಯೇ ಎಷ್ಟೋ ಬಾರಿ ರೂಪ ಬದಲಿಸಿವೆ. ವಾಲ್ವ್ ರೇಡಿಯೋ ಹೋಗಿ ಟ್ರಾನ್ಸಿಸ್ಟರ್ ಬಂದಿತು. ಕ್ಯಾಸೆಟ್ಟು ಬಂದು, ಮೆರೆದು, ಮರೆಯಾಯಿತು. ಈಗ ಅಂಗೈಯಗಲದ ಫೋನಿನಲ್ಲಿ ಸಾವಿರಾರು ಗಂಟೆಗಳ ಗಾಯನ ಅಡಗಿ ಕುಳಿತಿದೆ. ಆದರೆ ಕೊಠಡಿ ತುಂಬುವಂತೆ ಕೇಳಬೇಕೆಂದರೆ ಇಂದಿಗೂ ಒಂದು ಕಾಗದದ ಕೋನ್ ಅಲುಗಾಡಿ ಗಾಳಿಯನ್ನು ತಳ್ಳಲೇಬೇಕು. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು 1925ರಲ್ಲಿ ವಿವರಿಸಿದ ಸ್ಪೀಕರಿನ ತತ್ತ್ವ ಮೂಲದಲ್ಲಿ ಇಂದಿಗೂ ಹಾಗೆಯೇ ಉಳಿದಿದೆ. ಆ ಕೋನ್‌ಗೆ ಒಂದು ಪೆಟ್ಟಿಗೆ ಬೇಕೆಂಬುದೂ ಹಾಗೆಯೇ ಉಳಿದಿದೆ.

ಈ ಪೆಟ್ಟಿಗೆಯನ್ನು ಮನೆಯಲ್ಲಿಯೇ ಮಾಡಿಕೊಳ್ಳುವ ಹವ್ಯಾಸ ನಮ್ಮ ಯುವಕರಲ್ಲಿ ಕಂಡುಬರುತ್ತಿರುವುದು ಸಂತೋಷದ ಸಂಗತಿ. ಸ್ಪೀಕರನ್ನೂ ಆಂಪ್ಲಿಫೈಯರನ್ನೂ ಕೊಂಡು ತಂದು, ಪೆಟ್ಟಿಗೆಯನ್ನು ಊರಿನ ಬಡಗಿಯಿಂದ ಮಾಡಿಸುವವರುಂಟು, ತಾವೇ ಗರಗಸ ಹಿಡಿಯುವವರೂ ಉಂಟು. ಆಗ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ: “ಯಾವ ಮರ ಹಾಕೋಣ?” ಹಿರಿಯರ ಉತ್ತರ ಸಾಮಾನ್ಯವಾಗಿ ಸಿದ್ಧವಾಗಿಯೇ ಇರುತ್ತದೆ: “ಮಾಡಿಸುವುದೇ ಆದರೆ ತೇಗದಲ್ಲಿ ಮಾಡಿಸಿ, ನಾಲ್ಕು ಕಾಲ ಬಾಳಲಿ.” ಬಾಗಿಲಿಗೂ ತೊಟ್ಟಿಲಿಗೂ ಒಪ್ಪುವ ಈ ಮಾತು ದನಿಯ ಪೆಟ್ಟಿಗೆಗೂ ಒಪ್ಪುವುದೇ ಎಂಬುದನ್ನು ಈ ಸಲ ವಿಚಾರಿಸೋಣ. ಇದು ಬರಿಯ ಹವ್ಯಾಸದ ಮಾತಲ್ಲ. ಕಿವಿ ಮಂದವಾಗುತ್ತಿರುವ ಅಜ್ಜಿಗೋ ಅಜ್ಜನಿಗೋ ಮಾತು ಮಾತಾಗಿ ಕೇಳಿಸುವುದೇ, ಇಲ್ಲವೆ ಬರಿಯ ಗುಂಯ್‌ಗುಟ್ಟುವಿಕೆಯಾಗಿ ಕೇಳಿಸುವುದೇ ಎಂಬುದು ಬಹುಮಟ್ಟಿಗೆ ಈ ಪೆಟ್ಟಿಗೆಯನ್ನು ಅವಲಂಬಿಸಿದೆ.

ಮೊದಲು ಪೆಟ್ಟಿಗೆಯ ಕೆಲಸವೇನೆಂಬುದನ್ನು ತಿಳಿಯಬೇಕು. ಕೋನ್ ಮುಂದಕ್ಕೆ ಚಲಿಸಿದಾಗ ಅದರ ಎದುರಿನ ಗಾಳಿ ಒತ್ತಲ್ಪಡುತ್ತದೆ, ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಹಿಂದಿನ ಅಲೆ ಅಂಚನ್ನು ಬಳಸಿ ಮುಂದಿನ ಅಲೆಯನ್ನು ಕೂಡಿಕೊಂಡು ಅದನ್ನು ಅಳಿಸಿಬಿಡುತ್ತದೆ. ತಗ್ಗಿನ ಸ್ವರಗಳಿಗೆ ಈ ನಷ್ಟ ಹೆಚ್ಚು. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ನುಡಿಸಿದರೆ ತಬಲಾದ ಬಾಯಾಂ ಕೇಳದೆ ಬರಿಯ ಚಟಚಟ ಕೇಳುವುದು ಇದರಿಂದಲೇ. ಹಿಂದಿನ ಅಲೆಯನ್ನು ಬಂಧಿಸಿಡುವುದು ಪೆಟ್ಟಿಗೆಯ ಮೊದಲ ಕರ್ತವ್ಯ. ಒಳಗಿನ ಗಾಳಿ ಕೋನ್‌ಗೆ ಬುಗ್ಗೆಯಂತೆ ಒದಗುವುದು ಎರಡನೆಯದು. 1954ರಲ್ಲಿ ಎಡ್ಗರ್ ವಿಲ್ಚರ್ ಎಂಬಾತನು ಈ ಗಾಳಿಯ ಬುಗ್ಗೆಯನ್ನೇ ಆಧಾರವಾಗಿಟ್ಟುಕೊಂಡು ಚಿಕ್ಕ ಮುಚ್ಚಿದ ಪೆಟ್ಟಿಗೆಯಿಂದಲೂ ತಗ್ಗಿನ ಸ್ವರಗಳನ್ನು ಹೊರಡಿಸಿ ತೋರಿಸಿದನು. ಮುಂದೆ 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಇವರು ಯಾವ ಸ್ಪೀಕರಿಗೆ ಎಷ್ಟು ಲೀಟರಿನ ಪೆಟ್ಟಿಗೆ ಬೇಕೆಂಬುದನ್ನು ಲೆಕ್ಕಕ್ಕೆ ತಂದುಕೊಟ್ಟರು. ಆದ್ದರಿಂದ ಸ್ಪೀಕರಿನೊಡನೆ ಬರುವ ವಿವರಪತ್ರದಲ್ಲಿ ಹೇಳಿದ ಒಳ ಅಳತೆಯನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು. ಮರದ ವಿಚಾರ ಆಮೇಲಿನದು.

ಇನ್ನು ಮರಕ್ಕೆ ಬರೋಣ. ಇಲ್ಲಿ ಒಂದು ಭ್ರಾಂತಿ ಸಹಜವಾಗಿಯೇ ಹುಟ್ಟುತ್ತದೆ. ವೀಣೆಯ ಕೊಡವನ್ನು ಹಲಸಿನ ಮರದಲ್ಲಿ ಕಡೆಯುತ್ತಾರೆ. ಮೃದಂಗದ ಒಡಲೂ ಹಲಸಿನದೇ. ಒಳ್ಳೆಯ ಮರದಿಂದ ಒಳ್ಳೆಯ ನಾದ ಎಂಬುದು ನಮ್ಮ ಅನುಭವ. ಹಾಗಾದರೆ ದನಿಯ ಪೆಟ್ಟಿಗೆಗೂ ನಾದವುಳ್ಳ ಮರವೇ ಬೇಕಲ್ಲವೆ? ಬೇಡ. ವಾದ್ಯ ನಾದವನ್ನು ಹುಟ್ಟಿಸುವ ವಸ್ತು, ಸ್ಪೀಕರ್ ಹುಟ್ಟಿದ ನಾದವನ್ನು ತಲುಪಿಸುವ ವಸ್ತು. ವೀಣೆಯ ಹಲಸು ತಂತಿಯ ಕಂಪನದೊಡನೆ ತಾನೂ ನುಡಿಯಬೇಕು. ನುಡಿಯದಿದ್ದರೆ ಅದು ವೀಣೆಯೇ ಅಲ್ಲ. ಸ್ಪೀಕರಿನಲ್ಲಿಯಾದರೋ ವೀಣೆಯ ನುಡಿ ಮುದ್ರಣದೊಳಗೆ ಆಗಲೇ ಸೇರಿಹೋಗಿದೆ. ಪೆಟ್ಟಿಗೆ ಅದರ ಮೇಲೆ ತನ್ನದೊಂದು ದನಿ ಸೇರಿಸಿದರೆ, ಇಬ್ಬರು ಮಾತನಾಡುವಾಗ ಮೂರನೆಯವನು ಬಾಯಿ ಹಾಕಿದಂತಾಗುತ್ತದೆ.

ನಮ್ಮ ಅಲಂಕಾರಶಾಸ್ತ್ರದಲ್ಲಿ ಅನುರಣನ ಎಂಬ ಮಾತು ಉಂಟು. ಗಂಟೆಯನ್ನು ಬಾರಿಸಿದ ಮೇಲೂ ಉಳಿದು ಹರಡುವ ದನಿಯೇ ಅನುರಣನ. ಒಂಬತ್ತನೆಯ ಶತಮಾನದ ಆನಂದವರ್ಧನನೂ ಅವನ ಪರಂಪರೆಯವರೂ ಕಾವ್ಯದಲ್ಲಿ ವಾಚ್ಯಾರ್ಥದ ಹಿಂದೆಯೇ ಹೊಮ್ಮುವ ವ್ಯಂಗ್ಯಾರ್ಥವನ್ನು ಇದಕ್ಕೆ ಹೋಲಿಸಿದರು. ಕಾವ್ಯದಲ್ಲಿ ಅದು ಗುಣ. ಪೆಟ್ಟಿಗೆಯ ಹಲಗೆಯಲ್ಲಿ ಅದೇ ದೋಷ. ಗಾಯಕ ಸ್ವರವನ್ನು ನಿಲ್ಲಿಸಿದ ಮೇಲೂ ಹಲಗೆ ಗುನುಗುತ್ತಿದ್ದರೆ ಮುಂದಿನ ಸ್ವರ ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಚಿಕ್ಕ ಪೆಟ್ಟಿಗೆಗಳ ಹಲಗೆಗಳು ಸಾಮಾನ್ಯವಾಗಿ ಸೆಕೆಂಡಿಗೆ 150ರಿಂದ 500 ಕಂಪನಗಳ ಆಸುಪಾಸಿನಲ್ಲಿ ಗುನುಗತೊಡಗುತ್ತವೆ. ಮನುಷ್ಯನ ಕಂಠದ ಸ್ವರಗಳು ತುಂಬಿಕೊಂಡಿರುವುದೂ ಇದೇ ಎಡೆಯಲ್ಲಿ. ಮಾತಿನ ಅರ್ಥವನ್ನು ತಿಳಿಸಿಕೊಡುವ ಕ, ತ, ಸ, ಶ ಮೊದಲಾದ ವ್ಯಂಜನಗಳ ಸೂಕ್ಷ್ಮವಾದ ಸದ್ದು ಇದಕ್ಕಿಂತ ಬಹಳ ಎತ್ತರದಲ್ಲಿ, ಎರಡು ಸಾವಿರ ಕಂಪನಗಳನ್ನು ಮೀರಿಯೂ ಇರುತ್ತದೆ, ಬಲವೂ ಕಡಿಮೆ. ತಗ್ಗಿನ ಗುನುಗು ಈ ಸೂಕ್ಷ್ಮವನ್ನು ನುಂಗಿಬಿಡುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಎತ್ತರದ ಸದ್ದುಗಳನ್ನೇ. ಮಲ್ಲಿಕಾರ್ಜುನ ಮನಸೂರರು ಹಾಡಿದ ವಚನವನ್ನು ಕೇಳುತ್ತ ಅಜ್ಜಿ “ರಾಗ ತಿಳಿತು, ಮಾತು ತಿಳಿಲಿಲ್ಲ” ಎಂದರೆ ತಪ್ಪು ಗಾಯಕರದೂ ಅಲ್ಲ, ಅಜ್ಜಿಯದೊಂದೇ ಎಂದೂ ಹೇಳಲಾಗದು.

ಹಾಗಾದರೆ ಪೆಟ್ಟಿಗೆಯ ಮರಕ್ಕೆ ಇರಬೇಕಾದ ಗುಣಗಳು ಯಾವುವು? ಮೂರು. ಒಂದು, ತೂಕ. ತುಂಬಿದ ಕೊಡ ತುಳುಕುವುದಿಲ್ಲವೆಂಬಂತೆ ದಟ್ಟವಾದ ಹಲಗೆಯನ್ನು ಅಲುಗಿಸುವುದು ಕಷ್ಟ. ಎರಡು, ಪೆಡಸುತನ, ಅಂದರೆ ಬಾಗದಿರುವ ಗುಣ. ಮೂರು, ಹುಟ್ಟಿದ ಕಂಪನವನ್ನು ತನ್ನೊಳಗೇ ನುಂಗಿಕೊಳ್ಳುವ ಗುಣ. ಈ ಮೂರೂ ಒಂದೇ ಮರದಲ್ಲಿ ಸಮನಾಗಿ ಸಿಕ್ಕುವುದಿಲ್ಲ. ಆದ್ದರಿಂದಲೇ ಆಯ್ಕೆ ಬೇಕಾಗುತ್ತದೆ.

ಇಡೀ ಮರದ ಹಲಗೆಯನ್ನು ಮೊದಲು ನೋಡೋಣ. ತೇಗ ಘನ ಮೀಟರಿಗೆ ಸುಮಾರು 650 ಕಿಲೋ ತೂಗುತ್ತದೆ. ಅದರ ಕೆಚ್ಚನ್ನು ಗೆದ್ದಲು ಸುಲಭವಾಗಿ ಮುಟ್ಟದು, ಹದವಾಗಿ ಒಣಗಿದ ಮೇಲೆ ಇತರ ಮರಗಳಷ್ಟು ಸೊಟ್ಟಗಾಗದು. ಆದರೂ ಮರ ಮರವೇ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಬಿಗಿಯಾಗಿ ಹಿಡಿದುಕೊಳ್ಳುವುದನ್ನೂ, ಬೇಸಗೆಯಲ್ಲಿ ಅದೇ ಬಾಗಿಲಿನ ಸಂದಿನಿಂದ ಬೆಳಕು ಇಣುಕುವುದನ್ನೂ ಯಾರು ಕಂಡಿಲ್ಲ? ಮರ ಎಳೆಯ ಉದ್ದಕ್ಕೆ ಬಹುತೇಕ ಹಿಗ್ಗುವುದಿಲ್ಲ. ಎಳೆಗೆ ಅಡ್ಡಲಾಗಿ ಹಿಗ್ಗಿ ಕುಗ್ಗುತ್ತದೆ. ಒಂದು ಅಡಿ ಅಗಲದ ಹಲಗೆ ನೂರಕ್ಕೆ ಒಂದರಷ್ಟು ಅಲುಗಿದರೂ ಮೂರು ಮಿಲಿಮೀಟರ್ ಆಯಿತು. ಬಾಗಿಲಿಗೆ ಅದು ಸಹ್ಯ. ಗಾಳಿ ಸೋರಬಾರದ ಪೆಟ್ಟಿಗೆಗೆ ಅಸಹ್ಯ. ಕೂಡು ಬಿಟ್ಟುಕೊಂಡರೆ ಆ ಸಂದಿನಿಂದ ಗಾಳಿ ಸಿಳ್ಳೆ ಹಾಕುತ್ತದೆ. ಇದಲ್ಲದೆ ಎಳೆ ನೇರವಾಗಿರುವ ಒಳ್ಳೆಯ ಮರ ಕಂಪನವನ್ನು ನುಂಗುವುದಕ್ಕಿಂತ ನುಡಿಸುವುದರಲ್ಲಿಯೇ ನಿಪುಣ. ವಾದ್ಯಕ್ಕೆ ವರವಾದ ಗುಣ ಇಲ್ಲಿ ಶಾಪ. ಆದ್ದರಿಂದ ತೇಗ, ಹಲಸು, ಬೀಟೆಗಳನ್ನು ಪೆಟ್ಟಿಗೆಯ ಗೋಡೆಗೆ ಬಳಸುವುದು ಹಣವನ್ನೂ ಮರವನ್ನೂ ವ್ಯರ್ಥ ಮಾಡಿದಂತೆಯೇ ಸರಿ.

ಎರಡನೆಯದು ಪ್ಲೈವುಡ್. ತೆಳುವಾಗಿ ಸುಲಿದ ಮರದ ಹಾಳೆಗಳನ್ನು ಒಂದರ ಮೇಲೊಂದು ಎಳೆ ಅಡ್ಡವಾಗುವಂತೆ ಇಟ್ಟು ಅಂಟಿಸಿ ಒತ್ತಿದರೆ ಪ್ಲೈವುಡ್. ಒಂದು ಹಾಳೆ ಹಿಗ್ಗಲು ಹೊರಟರೆ ಪಕ್ಕದ ಹಾಳೆ ಅದನ್ನು ತಡೆಯುತ್ತದೆ. ಆದ್ದರಿಂದ ಮಳೆಗಾಲದ ಭಯ ಕಡಿಮೆ. ಸ್ಪೀಕರ್ ಮಾಡುವವರು ಜಗತ್ತಿನಾದ್ಯಂತ ಮೆಚ್ಚಿರುವುದು ಯೂರೋಪಿನ ಉತ್ತರಭಾಗದ ಬರ್ಚ್ ಮರದ ಪ್ಲೈವುಡ್ಡನ್ನು. ಅದರ 18 ಮಿಲಿಮೀಟರ್ ದಪ್ಪದಲ್ಲಿ 13 ಹಾಳೆಗಳಿರುತ್ತವೆ. ನಮ್ಮಲ್ಲಿ ಅದು ದುಬಾರಿ, ಎಲ್ಲ ಊರುಗಳಲ್ಲಿ ಸಿಕ್ಕುವುದೂ ಇಲ್ಲ. ನಮ್ಮ ದೇಶದ ಪ್ಲೈವುಡ್ಡಿಗೆ ನೀಲಗಿರಿ, ಪಾಪ್ಲರ್, ಸಿಲ್ವರ್ ಓಕ್ ಮೊದಲಾದ ಮರಗಳು ಬಳಕೆಯಾಗುತ್ತವೆ. ಕರ್ನಾಟಕದ ರೈತರು ಹೊಲದ ಬದುವಿನಲ್ಲಿ ಬೆಳೆಸುವ ಹೆಬ್ಬೇವು ಕೂಡ ಪ್ಲೈವುಡ್ ಕಾರ್ಖಾನೆಗೆ ಹೋಗುತ್ತದೆ. ಬೆಳೆಸಿ ಕಡಿದ ಮರ ಬಳಕೆಗೆ ಬಂದಷ್ಟೂ ಕಾಡಿನ ಮರ ಉಳಿಯುತ್ತದೆ.

ಅಂಗಡಿಯಲ್ಲಿ ಐಎಸ್ 303 ಎಂಬ ಗುರುತಿನ ಸಾಮಾನ್ಯ ಬಳಕೆಯ ಪ್ಲೈವುಡ್ಡೂ, ಐಎಸ್ 710 ಎಂಬ ಗುರುತಿನ ಮರೈನ್ ಪ್ಲೈವುಡ್ಡೂ ಸಿಕ್ಕುತ್ತವೆ. ಎರಡನೆಯದರ ಅಂಟು 72 ಗಂಟೆಗಳ ಕಾಲ ನೀರಿನಲ್ಲಿ ಕುದಿಸಿದರೂ ಬಿಡಬಾರದೆಂಬ ನಿಯಮವಿದೆ. ಮಲೆನಾಡು, ಕರಾವಳಿಗಳ ಮನೆಗೆ ಇದು ಯೋಗ್ಯ. ಬಯಲುಸೀಮೆಯ ಒಣ ಕೊಠಡಿಗೆ ಅಷ್ಟು ಅವಶ್ಯವಿಲ್ಲ. ಗುರುತಿಗಿಂತಲೂ ಮುಖ್ಯವಾದ ಪರೀಕ್ಷೆ ಇನ್ನೊಂದಿದೆ. ಅಗ್ಗದ ಪ್ಲೈವುಡ್ಡಿನ ನಡುವಿನ ಹಾಳೆಗಳಲ್ಲಿ ತುಂಡು ತುಂಡು ಜೋಡಿಸಿ ಸಂದು ಬಿಟ್ಟಿರುತ್ತಾರೆ. ಹೊರಗೆ ನಯ, ಒಳಗೆ ಪೊಳ್ಳು. ಸಂಗೀತ ಏರಿದಾಗ ಆ ಪೊಳ್ಳಿನಲ್ಲಿ ಸಡಿಲವಾದ ಹಾಳೆ ಜೇನಿನಂತೆ ಜುಂಯ್‌ಗುಟ್ಟುತ್ತದೆ. ಪೆಟ್ಟಿಗೆ ಮುಗಿದ ಮೇಲೆ ಅದನ್ನು ಸರಿಪಡಿಸಲು ಉಪಾಯವೇ ಇಲ್ಲ. ಅನ್ನ ಬೆಂದಿತೇ ಎಂದು ಒಂದಗುಳನ್ನು ಹಿಚುಕಿ ನೋಡುವ ಸ್ಥಾಲೀಪುಲಾಕ ನ್ಯಾಯ ಇಲ್ಲಿ ನಡೆಯದು. ನಾಲ್ಕು ಅಂಚುಗಳನ್ನೂ ಕಣ್ಣಿಟ್ಟು ನೋಡಬೇಕು. ಹಲಗೆಯನ್ನು ಗೇಣಿಗೊಂದೆಡೆ ಬೆರಳ ಗೆಣ್ಣಿನಿಂದ ತಟ್ಟುತ್ತ ಹೋಗಬೇಕು. ಸದ್ದು ಎಲ್ಲೆಡೆ ಒಂದೇ ಆಗಿದ್ದರೆ ಸರಿ; ಒಂದೆಡೆ ಡೊಳ್ಳಾಗಿ ಕೇಳಿದರೆ ಅಲ್ಲಿ ಪೊಳ್ಳಿದೆಯೆಂದು ತಿಳಿಯತಕ್ಕದ್ದು. ಮರದ ತುಂಡುಗಳನ್ನು ನಡುವೆ ಸಾಲಾಗಿಟ್ಟು ಮಾಡಿದ ಬ್ಲಾಕ್ ಬೋರ್ಡಿನಲ್ಲಿ ಇಂಥ ಸಂದುಗಳು ಸಾಮಾನ್ಯ. ಬಾಗಿಲಿಗೂ ಕಪಾಟಿಗೂ ಒಪ್ಪುವ ಅದನ್ನು ಸ್ಪೀಕರಿಗೆ ಬಳಸದಿರುವುದೇ ಲೇಸು.

ಮೂರನೆಯದು ಎಂಡಿಎಫ್. ಮರವನ್ನು ನಾರು ನಾರಾಗಿ ಬಿಡಿಸಿ, ಅಂಟು ಬೆರೆಸಿ, ಕಾವು ಕೊಟ್ಟು ಒತ್ತಿದ ಹಲಗೆ ಇದು. ಘನ ಮೀಟರಿಗೆ 700ರಿಂದ 800 ಕಿಲೋ ತೂಗುತ್ತದೆ. ಎಳೆಯಿಲ್ಲ, ಗಂಟಿಲ್ಲ, ಪೊಳ್ಳಿಲ್ಲ. ಎಲ್ಲೆಡೆಯೂ ಒಂದೇ ಸಮ. ಸ್ಪೀಕರಿಗಾಗಿ ದುಂಡಾಗಿ ಕತ್ತರಿಸಿದರೆ ಅಂಚು ನಯವಾಗಿ ಬರುತ್ತದೆ. ಬರ್ಚ್ ಪ್ಲೈವುಡ್ಡು ಇದಕ್ಕಿಂತ ಎರಡು ಮೂರು ಪಟ್ಟು ಪೆಡಸಾದರೂ, ಕಂಪನವನ್ನು ನುಂಗುವುದರಲ್ಲಿ ಎಂಡಿಎಫ್ ಮುಂದು. ಬೆಲೆಯೂ ಒಳ್ಳೆಯ ಪ್ಲೈವುಡ್ಡಿಗಿಂತ ಕಡಿಮೆ. ಹೊಸದಾಗಿ ಕೈಹಾಕುವವರಿಗೆ ಇದೇ ಸುಲಭ. ಆದರೆ ಇದಕ್ಕೆ ನೀರೇ ಶತ್ರು. ನೆಲ ಒರೆಸುವ ಬಟ್ಟೆಯ ತೇವ ಬುಡಕ್ಕೆ ದಿನವೂ ತಾಗಿದರೆ ಅಂಚು ಹಪ್ಪಳದಂತೆ ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಇಳಿಯುವುದಿಲ್ಲ. ಅಂಚಿಗೆ ನೇರವಾಗಿ ಸ್ಕ್ರೂ ಹಾಕಿದರೆ ಸೀಳುತ್ತದೆ. ಮೊದಲು ಸಣ್ಣ ರಂಧ್ರ ಕೊರೆದು ಹಾಕಬೇಕು.

ಇದರ ಬಡ ತಮ್ಮ ಪಾರ್ಟಿಕಲ್ ಬೋರ್ಡ್, ಮರದ ಚೂರುಗಳನ್ನು ಒತ್ತಿ ಮಾಡಿದ್ದು. ಕಾರ್ಖಾನೆಯ ಸ್ಪೀಕರುಗಳಲ್ಲಿ ಬಹಳ ಕಾಲದಿಂದ ಬಳಕೆಯಲ್ಲಿದೆ. ದನಿಯ ದೃಷ್ಟಿಯಿಂದ ಹೀನವೇನಲ್ಲ. ಆದರೆ ಸ್ಕ್ರೂ ಗಟ್ಟಿಯಾಗಿ ಹಿಡಿಯದು, ಕತ್ತರಿಸಿದ ಅಂಚು ಉದುರುತ್ತದೆ. ಕಾರ್ಖಾನೆಯ ಯಂತ್ರಕ್ಕೆ ಒಗ್ಗುವ ಅದು ಮನೆಯ ಕೈಗೆಲಸಕ್ಕೆ ಒಗ್ಗದು. ಹಳ್ಳಿಗಳಲ್ಲಿ ಮಣ್ಣಿನ ಗಡಿಗೆಯ ಬಾಯಿಗೆ ಸ್ಪೀಕರ್ ಕೂರಿಸುವ ರೂಢಿಯನ್ನೂ ನೆನೆಯಬೇಕು. ದುಂಡಗಿನ ಗೋಡೆ ತೆಳುವಾದರೂ ಬಾಗದು. ಆ ಮಟ್ಟಿಗೆ ಅದು ಜಾಣತನವೇ. ಆದರೆ ಗಡಿಗೆಯೊಳಗಿನ ಗಾಳಿ ಒಂದೇ ಸ್ವರದಲ್ಲಿ ಮೊರೆಯುತ್ತದೆ. ಒಳಗೆ ಹತ್ತಿ ತುಂಬಿದರೆ ಆ ಮೊರೆತ ತಗ್ಗುತ್ತದೆ.

ಇಲ್ಲಿಯವರೆಗೆ ಮರದ ಹೆಸರುಗಳನ್ನು ಹೇಳಿದ್ದಾಯಿತು. ನಿಜವಾಗಿ ನೋಡಿದರೆ ಹೆಸರಿಗಿಂತ ಹೆಚ್ಚಿನ ಮಾತು ದಪ್ಪ ಮತ್ತು ಆಸರೆ. ಹಲಗೆಯ ಪೆಡಸುತನ ಅದರ ದಪ್ಪದ ಘನಕ್ಕೆ ಅನುಸಾರವಾಗಿ ಬೆಳೆಯುತ್ತದೆ. 12 ಮಿಲಿಮೀಟರಿನ ಬದಲು 18 ಮಿಲಿಮೀಟರ್ ಬಳಸಿದರೆ ದಪ್ಪ ಒಂದೂವರೆ ಪಟ್ಟು. ಪೆಡಸುತನ ಮಾತ್ರ ಮೂರು ಪಟ್ಟಿಗಿಂತ ಹೆಚ್ಚು. ಇದಕ್ಕಿಂತಲೂ ಅಗ್ಗದ ಉಪಾಯವೆಂದರೆ ಎದುರುಬದುರು ಗೋಡೆಗಳ ನಡುವೆ ಅಡ್ಡಪಟ್ಟಿ ಕೊಡುವುದು. ಆಸರೆಯಿಲ್ಲದ ಹರವು ಕಿರಿದಾದಂತೆ ಹಲಗೆ ಗುನುಗುವ ಸ್ವರ ಬಹಳ ಮೇಲಕ್ಕೆ ಏರುತ್ತದೆ. ಏರಿದಷ್ಟೂ ಅದರ ಬಲ ಕುಗ್ಗುತ್ತದೆ. ಅಡ್ಡಪಟ್ಟಿಯನ್ನು ನಟ್ಟನಡುವೆ ಹಾಕದೆ ತುಸು ಪಕ್ಕಕ್ಕೆ ಹಾಕುವುದು ಮೇಲು. ಎರಡು ಭಾಗಗಳೂ ಒಂದೇ ಸ್ವರದಲ್ಲಿ ಗುನುಗದಿರಲಿ ಎಂಬುದು ಇದರ ಉದ್ದೇಶ. ಕಳಪೆಯಲ್ಲದ ಸಾಮಾನ್ಯ ಹಲಗೆಗೆ ಎರಡು ಅಡ್ಡಪಟ್ಟಿ ಕೊಟ್ಟರೆ, ಅಡ್ಡಪಟ್ಟಿಯಿಲ್ಲದ ತೇಗವನ್ನು ಅದು ನಿರಾಯಾಸವಾಗಿ ಮೀರಿಸುತ್ತದೆ.

ಬಲ್ಲವರು ಇದನ್ನು ಬೇರೆ ದಾರಿಗಳಿಂದಲೂ ಸಾಧಿಸಿದ್ದಾರೆ. ಇಂಗ್ಲೆಂಡಿನ ವಾರ್ಫ್‌ಡೇಲ್ ಸಂಸ್ಥೆಯನ್ನು ಕಟ್ಟಿದ ಗಿಲ್ಬರ್ಟ್ ಬ್ರಿಗ್ಸ್ 1950ರ ದಶಕದಲ್ಲಿ ಎರಡು ಪ್ಲೈವುಡ್ ಹಲಗೆಗಳ ನಡುವೆ ಒಣ ಮರಳು ತುಂಬಿಸಿ ಗೋಡೆ ಮಾಡಿದನು. ಮರಳಿನ ಕಣಗಳು ಒಂದನ್ನೊಂದು ಉಜ್ಜುತ್ತ ಕಂಪನವನ್ನು ಕೊಲ್ಲುತ್ತವೆ. ಬಿಬಿಸಿಯ ಸಂಶೋಧಕರದು ಇನ್ನೊಂದು ದಾರಿ. ಅವರು 1970ರ ದಶಕದಲ್ಲಿ ರೂಪಿಸಿದ ಎಲ್‌ಎಸ್ 3/5ಎ ಎಂಬ ಚಿಕ್ಕ ಸ್ಪೀಕರಿನಲ್ಲಿ ಗೋಡೆಗೆ ಬಳಸಿದ್ದು ಬರಿಯ 12 ಮಿಲಿಮೀಟರ್ ದಪ್ಪದ ಬರ್ಚ್ ಪ್ಲೈವುಡ್ಡು. ಒಳಮೈಗೆ ಡಾಂಬರಿನಂಥ ಭಾರವಾದ ಹಾಳೆಯನ್ನು ಅಂಟಿಸಿ ಕಂಪನವನ್ನು ಅಡಗಿಸಿದರು. ಪ್ರಸಾರದ ಮಾತು ಸ್ವಾಭಾವಿಕವಾಗಿದೆಯೇ ಎಂದು ಪರೀಕ್ಷಿಸಲು ಮಾಡಿದ ಸ್ಪೀಕರದು. ಮನುಷ್ಯರ ಮಾತನ್ನು ಮಾತಿನಂತೆಯೇ ಕೇಳಿಸುವುದಕ್ಕೆ ಅದು ಇಂದಿಗೂ ಹೆಸರುವಾಸಿ. ದಾರಿ ಬೇರೆಯಾದರೂ ಗುರಿ ಒಂದೇ: ಗೋಡೆ ಮಾತಾಡಬಾರದು.

ಇನ್ನು ಒಂದು ಲೆಕ್ಕ. ಆರೂವರೆ ಅಂಗುಲದ ಸ್ಪೀಕರೊಂದಕ್ಕೆ 20 ಲೀಟರಿನ ಮುಚ್ಚಿದ ಪೆಟ್ಟಿಗೆ ಬೇಕೆಂದಿಟ್ಟುಕೊಳ್ಳಿ. ಒಳಗೆ 21 ಸೆಂಟಿಮೀಟರ್ ಅಗಲ, 25 ಆಳ, 38 ಎತ್ತರ ಇಟ್ಟರೆ ಹೆಚ್ಚುಕಡಿಮೆ 20 ಲೀಟರ್ ಆಯಿತು. ಮೂರು ಅಳತೆಗಳು ಒಂದೇ ಆಗಬಾರದು, ಒಂದು ಇನ್ನೊಂದರ ಸರಿಯಾದ ಎರಡರಷ್ಟೂ ಆಗಬಾರದು; ಆದರೆ ಒಳಗಿನ ಗಾಳಿಯ ಮೊರೆತಗಳು ಒಂದೆಡೆ ಕೂಡಿಬೀಳುತ್ತವೆ. 18 ಮಿಲಿಮೀಟರ್ ಹಲಗೆಯಲ್ಲಿ ಇಂಥ ಒಂದು ಪೆಟ್ಟಿಗೆಗೆ ಸುಮಾರು ಐದೂವರೆ ಚದರ ಅಡಿ ಬೇಕು. ಜೋಡಿಗೆ, ಅಡ್ಡಪಟ್ಟಿಗಳೂ ಸೇರಿ, ಎಂಟು ಅಡಿ ನಾಲ್ಕು ಅಡಿಯ ಹಲಗೆಯಲ್ಲಿ ಅರ್ಧ ಸಾಕು. ಎಂಡಿಎಫ್ ಆದರೆ ಒಂದೊಂದು ಖಾಲಿ ಪೆಟ್ಟಿಗೆ ಏಳು ಕಿಲೋ ತೂಗುತ್ತದೆ. ಅಡ್ಡಪಟ್ಟಿಗಳೂ ಸ್ಪೀಕರಿನ ಹಿಂಭಾಗವೂ ಆಕ್ರಮಿಸುವ ಜಾಗಕ್ಕಾಗಿ ಎತ್ತರವನ್ನು ತುಸು ಹೆಚ್ಚಿಸಿಕೊಳ್ಳಬೇಕು. ಹಲಗೆಯ ದಪ್ಪ ಬದಲಾದರೆ ಹೊರ ಅಳತೆ ಬದಲಾಗಲಿ. ಒಳ ಅಳತೆ ಬದಲಾಗದಿರಲಿ. ಬಡಗಿಗೆ ಇದನ್ನು ಬರೆದೇ ಕೊಡುವುದು ಉಚಿತ.

ಕೂಡುಗಳಿಗೆ ಅಂಟೇ ಬಲ, ಸ್ಕ್ರೂ ಬರಿಯ ಸಹಾಯಕ. ಕತ್ತರಿಸಿದ ಅಂಚು ನೇರವಾಗಿದ್ದು, ಅಂಟು ಪೂರ್ತಿ ಹರಡಿ, ಒಂದು ರಾತ್ರಿ ಬಿಗಿಹಿಡಿದು ಒಣಗಿಸಿದ ಕೂಡು ಹಲಗೆಯಷ್ಟೇ ಗಟ್ಟಿ. ಒಳ ಮೂಲೆಗಳಿಗೆಲ್ಲ ಸಿಲಿಕೋನ್ ಬಳಿದರೆ ಗಾಳಿ ಸೋರದು. ಮುಗಿದ ಮೇಲೆ ಕೋನನ್ನು ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟು ನೋಡಿ. ಮುಚ್ಚಿದ ಪೆಟ್ಟಿಗೆಯಾದರೆ ಅದು ನಿಧಾನವಾಗಿ ಮರಳಬೇಕು; ಕೂಡಲೇ ಚಿಮ್ಮಿ ಬಂದರೆ ಎಲ್ಲಿಯೋ ಸೋರುತ್ತಿದೆಯೆಂದು ಅರ್ಥ.

ಆರೋಗ್ಯದ ಮಾತೊಂದನ್ನು ಇಲ್ಲಿ ಒತ್ತಿ ಹೇಳಲೇಬೇಕು. ಎಂಡಿಎಫ್ ಕೊಯ್ಯುವಾಗ ಏಳುವ ದೂಳು ಹಿಟ್ಟಿಗಿಂತಲೂ ನಯ. ಮೂಗಿನಲ್ಲಿ ನಿಲ್ಲದೆ ಎದೆಗಿಳಿಯುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ದೂಳನ್ನು 1995ರಲ್ಲಿಯೂ, ಈ ಹಲಗೆಗಳ ಅಂಟಿನಿಂದ ಹೊರಬೀಳುವ ಫಾರ್ಮಾಲ್ಡಿಹೈಡನ್ನು 2004ರಲ್ಲಿಯೂ ಮನುಷ್ಯರಿಗೆ ಕ್ಯಾನ್ಸರ್ ತರಬಲ್ಲ ವಸ್ತುಗಳೆಂದು ನಿರ್ಣಯಿಸಿದೆ. ಪ್ಲೈವುಡ್ಡನ್ನು ಕೊಯ್ಯುವಾಗಲೂ ಈ ಎಚ್ಚರ ಬೇಕು. ಅಡುಗೆಮನೆಯ ಪಕ್ಕದಲ್ಲಿ, ಮಕ್ಕಳು ಆಡುವ ಪಡಸಾಲೆಯಲ್ಲಿ ಕೊಯ್ಯುವ ಕೆಲಸ ಸಲ್ಲದು. ಬಯಲಿನಲ್ಲಿ, ಬಿಗಿಯಾದ ಮುಖವಾಡ ಧರಿಸಿ ಕೊಯ್ಯಬೇಕು. ಕೂಲಿಗೆ ಬಂದ ಬಡಗಿಗೂ ಮುಖವಾಡ ಕೊಡಬೇಕು. ಅವನ ಶ್ವಾಸಕೋಶ ನಮ್ಮದರಷ್ಟೇ ಬೆಲೆಯುಳ್ಳದ್ದು. ಸಾಧ್ಯವಿದ್ದರೆ ಅಂಗಡಿಯಲ್ಲಿಯೇ ಯಂತ್ರದಿಂದ ಅಳತೆಗೆ ಕೊಯ್ಸಿ ತರುವುದು ಎಲ್ಲಕ್ಕಿಂತ ಸುರಕ್ಷಿತ. ಕೊಳ್ಳುವಾಗ ಇ-1 ಅಥವಾ ಇ-0 ದರ್ಜೆಯ ಹಲಗೆಯನ್ನು ಕೇಳಿ. ಅವು ಕಡಿಮೆ ಅನಿಲ ಬಿಡುತ್ತವೆ. ಕತ್ತರಿಸಿದ ಅಂಚುಗಳಿಗೆಲ್ಲ ಬಣ್ಣವನ್ನೋ ಸನ್‌ಮೈಕಾವನ್ನೋ ಕೊಟ್ಟು ಮುಚ್ಚಿದರೆ ಅನಿಲವೂ ತಗ್ಗುತ್ತದೆ, ತೇವವೂ ನುಗ್ಗದು. ಬುಡಕ್ಕೆ ರಬ್ಬರಿನ ಕಾಲುಗಳನ್ನು ಕೊಟ್ಟು, ಗೋಡೆಯಿಂದ ಒಂದು ಗೇಣು ದೂರ ಇಟ್ಟರೆ ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಹಾಗೆಂದು ತೇಗದ ಮೇಲಿನ ಪ್ರೀತಿಯನ್ನು ಬಿಡಬೇಕಾಗಿಲ್ಲ. ಎಂಡಿಎಫ್ ಅಥವಾ ಪ್ಲೈವುಡ್ಡಿನ ಪೆಟ್ಟಿಗೆಗೆ ಹೊರಗಿನಿಂದ ತೇಗದ ತೆಳುವಾದ ವೆನೀರ್ ಅಂಟಿಸಿ ಎಣ್ಣೆ ಉಜ್ಜಿದರೆ ಪಡಸಾಲೆಯ ಶೋಭೆಗೆ ಏನೂ ಕೊರತೆಯಾಗದು. ಹಳೆಯ ಮನೆಯಿಂದ ಬಿಚ್ಚಿದ ಕಿಟಕಿಯ ತೇಗದ ಪಟ್ಟಿಗಳಿದ್ದರೆ ಒಳಗಿನ ಅಡ್ಡಪಟ್ಟಿಗೆ ಬಳಸಿ. ತಲೆಮಾರುಗಳಿಂದ ಒಣಗಿದ ಆ ಮರ ಇನ್ನು ಅಲುಗುವುದು ಕಡಿಮೆ.

ಕೊಳ್ಳಲು ಹೊರಟವರು ಇಷ್ಟನ್ನು ನೆನಪಿಟ್ಟರೆ ಸಾಕು. ಮೊದಲು ಸ್ಪೀಕರಿಗೆ ತಕ್ಕ ಒಳ ಅಳತೆ, ಆಮೇಲೆ ಸೋರದ ಕೂಡು, ಆಮೇಲೆ ಅಡ್ಡಪಟ್ಟಿ ಮತ್ತು ದಪ್ಪ, ಕಟ್ಟಕಡೆಗೆ ಮರದ ಹೆಸರು. ಒಣ ಹವೆಯ ಮನೆಗೆ 18 ಮಿಲಿಮೀಟರ್ ಎಂಡಿಎಫ್, ತೇವದ ಸೀಮೆಗೆ ಪೊಳ್ಳಿಲ್ಲದ ಅಷ್ಟೇ ದಪ್ಪದ ಪ್ಲೈವುಡ್. ಪೆಟ್ಟಿಗೆ ಸಿದ್ಧವಾದ ದಿನ ಅಬ್ಬರದ ಹಾಡನ್ನು ಹಾಕಿ ಪರೀಕ್ಷಿಸಬೇಡಿ. ಒಬ್ಬರು ಮಾತನಾಡಿರುವ ಮುದ್ರಣವನ್ನು ಮೆಲುದನಿಯಲ್ಲಿ ಹಾಕಿ, ಮನೆಯ ಅತ್ಯಂತ ಹಿರಿಯರನ್ನು ಎದುರಿಗೆ ಕೂರಿಸಿ. ಅವರು “ಇನ್ನಷ್ಟು ಜೋರು ಮಾಡು” ಎನ್ನದೆ ಮಾತಿಗೆ ತಲೆದೂಗಿದರೆ ನಿಮ್ಮ ಮರದ ಆಯ್ಕೆ ಸರಿಯಾಯಿತೆಂದು ತಿಳಿಯಿರಿ.